ಪುನರ್ಪುಳಿ ಬಿಯರ್‌ಗೆ ಹುಳಿ ಎಲ್ಲಿಂದ ಬಂತು?

ಕುಂದಾಪುರದ ಕೋಡಿ, ಕೋಟೇಶ್ವರದ ಕಡೆ ಶೇಂದಿ ಹುಳಿಯಾಗಿದೆ ಎಂದು ಗಡಂಗಿನಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ಹುಳಿ ಅದರ ಗುಣ. ಅದೇ ಊರಿನವರು ಬೆಂಗಳೂರಿನ ಬ್ರೂಪಬ್‌ನಲ್ಲಿ ಕುಳಿತು, ಮೆನುವಿನಲ್ಲಿ ‘ಸವರ್’ ಎಂದಿರುವ ಹಣ್ಣಿನ ಬಿಯರ್ ಒಂದು ಗುಟುಕು ಕುಡಿದರೆ ಮೊದಲು ಹೊರಡುವ ಮಾತು: ‘ಇದ್ ಹಳ್ಸಿತ್ ಮಾರಾಯ!’

ಹಳಸಿಲ್ಲ. ಬೇಕೆಂದೇ ಹುಳಿ ಬರಿಸಿದ್ದಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ಕಷಾಯಕ್ಕೆ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿಸಿ, ಸುಮಾರು 35ರಿಂದ 45 ಡಿಗ್ರಿ ಬಿಸಿಯಲ್ಲಿ ಒಂದೆರಡು ದಿನ ಬಿಡುತ್ತಾರೆ. ಬ್ಯಾಕ್ಟೀರಿಯಾ ಸಕ್ಕರೆಯ ಒಂದಂಶವನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಹುಳಿಯುವುದೂ ಇದೇ ವರ್ಗದ ಬ್ಯಾಕ್ಟೀರಿಯಾಗಳಿಂದ. ಹುಳಿ ಸಾಕೆನಿಸಿದಾಗ ಕಷಾಯವನ್ನು ಕುದಿಸಿ ಬ್ಯಾಕ್ಟೀರಿಯಾ ಕೊಂದು, ಆರಿಸಿ, ಆಮೇಲೆ ಯೀಸ್ಟ್ ಹಾಕುತ್ತಾರೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿಗೆ ಈ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಇದೆ. ಹಾಗಾಗಿ ಹಾಪ್ಸ್ ಬೀಳುವುದು ಹುಳಿ ಬಂದ ಮೇಲೆ, ಅದೂ ಚಿಟಿಕೆಯಷ್ಟೇ. ‘ಕಹಿಯೇ ಇಲ್ಲ, ಇದೆಂಥಾ ಬಿಯರ್’ ಎಂಬ ದೂರಿಗೆ ಕಾರಣ ಇಷ್ಟೇ.

ಹುಳಿ ಹಣ್ಣಿನದು ಎಂಬುದು ಎರಡನೆಯ ನಂಬಿಕೆ. ಮಾವು ಹಾಕಿದ ಬಿಯರ್ ಹುಳಿಯಾಗಿದ್ದರೆ ಹೆಚ್ಚಿನ ಪಾಲು ಬ್ಯಾಕ್ಟೀರಿಯಾದ್ದು. ಪುನರ್ಪುಳಿಯಲ್ಲಿ ಮಾತ್ರ ಆ ನಂಬಿಕೆ ಅರ್ಧ ನಿಜ, ಏಕೆಂದರೆ ಅದರ ಸಿಪ್ಪೆಯಲ್ಲೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳವಾಗಿದೆ. ಸಿಪ್ಪೆಯ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಹುಳಿ ಹೆಚ್ಚಿದ್ದಲ್ಲಿ ಹೊಳೆಯುತ್ತದೆ. ಆದ್ದರಿಂದ ಗ್ಲಾಸಿನಲ್ಲಿ ಕಾಣುವ ಆ ಕಡುಗೆಂಪು ಕೃತಕ ಬಣ್ಣವೇ ಇರಬೇಕೆಂದಿಲ್ಲ. ಇನ್ನು ಹಣ್ಣಿದ್ದ ಮೇಲೆ ಸಿಹಿ ಇರಬೇಕೆಂದು ಕಾಯುವವರಿಗೆ ನಿರಾಸೆ ಖಚಿತ. ಹುದುಗುವಾಗ ಹಾಕಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಉಳಿಯುವುದು ಪರಿಮಳ, ಬಣ್ಣ, ಒಗರು. ಶರಬತ್ತಿನ ನೆನಪಿನಲ್ಲಿ ಕುಡಿದ ನಾಲಿಗೆ ಇಲ್ಲೇ ಎಡವುವುದು.

ಕರಾವಳಿಯಲ್ಲಿ ಬಲವಾಗಿ ಬೇರೂರಿರುವ ಇನ್ನೊಂದು ನಂಬಿಕೆ, ಹುಳಿ ಹೆಚ್ಚಿದಷ್ಟೂ ಅಮಲು ಹೆಚ್ಚು ಎಂಬುದು. ಇದು ಶೇಂದಿಯಿಂದ ಬಂದದ್ದು. ಶೇಂದಿಯ ಮಟ್ಟಿಗೂ ಪೂರ್ತಿ ನಿಜವಲ್ಲ. ಮೂರ್ತೆದಾರರು ತೆಂಗಿನ ಹೊಂಬಾಳೆ ಕೆತ್ತಿದಾಗ ತೊಟ್ಟಿಕ್ಕುವ ರಸದಲ್ಲಿ ಆಲ್ಕೋಹಾಲ್ ಇರುವುದೇ ಇಲ್ಲ. ಅದು ಶೇಕಡ 12ರಿಂದ 15ರಷ್ಟು ಸಕ್ಕರೆಯಿರುವ, ಹುಳಿಯಿಲ್ಲದ ಸಿಹಿನೀರು. ಮಡಕೆಯಲ್ಲಿ ಉಳಿದ ಮತ್ತು ಗಾಳಿಯಲ್ಲಿ ತೇಲಿಬಂದ ಯೀಸ್ಟ್, ಬ್ಯಾಕ್ಟೀರಿಯಾಗಳು ಗಂಟೆಗಳೊಳಗೆ ಕೆಲಸ ಶುರುಮಾಡುತ್ತವೆ. ಒಂದು ಹಂತದವರೆಗೆ ಹುಳಿಯೂ ಆಲ್ಕೋಹಾಲೂ ಜೊತೆಜೊತೆಗೆ ಏರುತ್ತವೆ. ಆಮೇಲೆ ಅಸಿಟಿಕ್ ಬ್ಯಾಕ್ಟೀರಿಯಾಗಳ ಸರದಿ. ಅವು ಆಲ್ಕೋಹಾಲನ್ನೇ ವಿನೆಗರ್ ಮಾಡುತ್ತವೆ. ಮೂಗಿಗೆ ಹೊಡೆಯುವಷ್ಟು ಹುಳಿಯಾದ ಹಳೇ ಶೇಂದಿಯಲ್ಲಿ ಅಮಲು ಇಳಿದಿರುತ್ತದೆ, ಏರಿರುವುದಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ಐಸ್ ಪೆಟ್ಟಿಗೆಯಲ್ಲಿ ಇದೇ ರಸವನ್ನು ತಣ್ಣಗೆ ಹಿಡಿದರೆ ಅದು ಹುಳಿಯದೆ, ಅಮಲೇರದೆ ‘ಕಲ್ಪರಸ’ವಾಗಿ ಉಳಿಯುತ್ತದೆ.

ಹುಳಿ ಬಿಯರ್‌ನಲ್ಲಂತೂ ಹುಳಿಗೆ ಬ್ಯಾಕ್ಟೀರಿಯಾ, ಆಲ್ಕೋಹಾಲ್‌ಗೆ ಯೀಸ್ಟ್ ಎಂದು ಕೆಲಸ ಬೇರೆ ಬೇರೆ. ಮುಖ ಕಿವುಚುವಷ್ಟು ಹುಳಿಯಾದ ಬರ್ಲಿನರ್ ವೈಸ್ ಬಿಯರ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇಕಡ 3. ನಮ್ಮ ‘ಸ್ಟ್ರಾಂಗ್’ ಬಾಟಲಿಗಳಲ್ಲಿ ಅದು 8ರವರೆಗೂ ಹೋಗುತ್ತದೆ. ಆದರೆ ಇದನ್ನೇ ನಂಬಿ ಎಲ್ಲ ಹಣ್ಣಿನ ಬಿಯರೂ ಹಗುರ ಎಂದುಕೊಳ್ಳಬಾರದು. 6, 7 ದಾಟುವವೂ ಇವೆ, ಲೇಬಲ್ ಓದಬೇಕು.

ಹುಳಿ ಬಿಯರ್ ನಿನ್ನೆಮೊನ್ನೆಯ ಪಬ್ ಶೋಕಿಯೂ ಅಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬ್ರೂಪಬ್ ತೆರೆದದ್ದು 2010ರಲ್ಲಿ. ಬ್ರಸೆಲ್ಸ್‌ನಲ್ಲಿ ಲ್ಯಾಂಬಿಕ್ ಹುಳಿ ಬಿಯರ್ ಮಾಡುವ ಕ್ಯಾಂಟಿಲಾನ್ 1900ರದು, ಆ ಬಗೆಯ ಬಿಯರ್ ಅದಕ್ಕಿಂತಲೂ ಹಳೆಯದು. ಕಷಾಯವನ್ನು ಅಗಲ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು, ಗಾಳಿಯ ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡುವುದು ಅಲ್ಲಿನ ಕ್ರಮ. ಚೆರ್ರಿ ಹಾಕಿದರೆ ಅದು ಕ್ರೀಕ್. ಜರ್ಮನಿಯ ಗೋಸ್ ಬಿಯರ್‌ಗೆ ಬೀಳುವುದು ಉಪ್ಪು ಮತ್ತು ಕೊತ್ತಂಬರಿ ಬೀಜ. ಅದನ್ನು ಕೇಳಿ ಕುಂದಾಪುರದ ಅಡುಗೆಯವರು ಬೆಚ್ಚಿಬೀಳಲಾರರು.

ರುಚಿ ನೋಡುವಾಗಿನ ತಪ್ಪುಗಳೂ ಕೆಲವಿವೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಹಣ್ಣಿನ ಪರಿಮಳ ಏಳುವುದಿಲ್ಲ. ಹುಳಿ ಮಾತ್ರ ಚುಚ್ಚುತ್ತದೆ. ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಟ್ಟು, ಮೊದಲು ಮೂಸಿ, ಎರಡನೆಯ ಮೂರನೆಯ ಗುಟುಕಿನ ನಂತರ ತೀರ್ಮಾನಿಸಬೇಕು. ಮೊದಲ ಗುಟುಕಿಗೆ ನಾಲಿಗೆ ಹುಳಿಯಲ್ಲದೆ ಬೇರೇನನ್ನೂ ಗುರುತಿಸದು. ವಾಂತಿಯ ವಾಸನೆ ಬಂದರೆ ಬೇಡದ ಬ್ಯಾಕ್ಟೀರಿಯಾ ಹೊಕ್ಕಿದೆ ಎಂದರ್ಥ. ಆಗ ಗ್ಲಾಸನ್ನು ಧೈರ್ಯವಾಗಿ ಹಿಂದಿರುಗಿಸಬಹುದು.

ಜೊತೆಗೆ ಕೋಳಿ ಘೀ ರೋಸ್ಟ್ ಇದ್ದರೆ ಹುಳಿ ತುಪ್ಪದ ಜಿಡ್ಡನ್ನು ಚೆನ್ನಾಗಿ ಕತ್ತರಿಸುತ್ತದೆ. ಖಾರ ಇಳಿಸುತ್ತದೆ ಎಂಬುದು ಮಾತ್ರ ಸುಳ್ಳು. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಬಿಯರ್‌ನ ನೊರೆಗುಳ್ಳೆ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಅದಕ್ಕೆ ಮಜ್ಜಿಗೆಯೇ ಸರಿ.

ಹಣ್ಣಿದೆ, ಬ್ಯಾಕ್ಟೀರಿಯಾ ಇದೆ, ಮೊಸರಿನ ಹಾಗೆ ಹೊಟ್ಟೆಗೆ ಒಳ್ಳೆಯದು ಎಂಬ ವಾದವೂ ಈಚೆಗೆ ಕೇಳಿಬರುತ್ತಿದೆ. ಮೇಲೆ ಹೇಳಿದ ಕ್ರಮದಲ್ಲಿ ಆ ಬ್ಯಾಕ್ಟೀರಿಯಾ ಕುದಿಯುವಾಗಲೇ ಸತ್ತಿರುತ್ತದೆ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ಪುನರ್ಪುಳಿ ಹಾಕಿದ ಬಿಯರ್‌ಗೂ ಅನ್ವಯಿಸುತ್ತದೆ.