ಲೆನ್ಸು ತಿರುಗಿತು, ಕರಿಬೇವಿನ ಗಿಡ ಕಾಡಾಯಿತು!

ಎಲೆಯ ಮೇಲಿದ್ದ ಹಕ್ಕಿಹಿಕ್ಕೆ ತಲೆ ಎತ್ತಿತು!

ಹೌದು, ತಲೆ ಎತ್ತಿ, ಅತ್ತಿತ್ತ ತೂಗಿ, ಕರಿಬೇವಿನ ಎಲೆಯಂಚನ್ನು ಮೇಯತೊಡಗಿತು. ಒಗ್ಗರಣೆಗೆಂದು ದಿನವೂ ಕೈಹಾಕುವ ಹಿತ್ತಲ ಗಿಡ ಅದು. ಇಷ್ಟು ವರ್ಷ ಹಿಕ್ಕೆಯೆಂದು ಮೂಗು ಮುರಿದು ನಾನು ಬಿಸಾಡಿದ್ದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳುಗಳನ್ನು! ಹಕ್ಕಿಯ ಕಣ್ಣು ತಪ್ಪಿಸಲು ಹಕ್ಕಿಯ ಹಿಕ್ಕೆಯದೇ ವೇಷ. ಎಂಥ ಕಿಲಾಡಿ!

ಈ ಗುಟ್ಟು ಬಿಟ್ಟುಕೊಟ್ಟದ್ದು ದುಬಾರಿ ಮ್ಯಾಕ್ರೋ ಲೆನ್ಸಲ್ಲ. ಕ್ಯಾಮೆರಾದ ಜೊತೆಗೇ ಬಂದಿದ್ದ ಮಾಮೂಲಿ 18–55 ಮಿಲಿಮೀಟರ್ ಝೂಮ್ ಲೆನ್ಸು. ಅದನ್ನು ಹಿಂದುಮುಂದಾಗಿ ತಿರುಗಿಸಿದ್ದೆ, ಅಷ್ಟೆ.

ಯೋಚಿಸಿ ನೋಡಿ. ಎದುರಿನ ಬೆಟ್ಟವನ್ನು ಕುಗ್ಗಿಸಿ, ಬೆನ್ನ ಹಿಂದೆ ಕೂತ ಅಂಚೆಚೀಟಿಯಷ್ಟಗಲದ ಸೆನ್ಸರಿನ ಮೇಲೆ ಇಳಿಸುವುದು ಲೆನ್ಸಿನ ಕೆಲಸ. ಆದರೆ ಬೆಳಕು ಹೋದ ದಾರಿಯಲ್ಲೇ ವಾಪಸು ಬರಬಲ್ಲದು. ಲೆನ್ಸು ತಿರುಗಿದರೆ ಕುಗ್ಗಿಸುತ್ತಿದ್ದ ಗಾಜೇ ಹಿಗ್ಗಿಸುತ್ತದೆ! ನನ್ನದರಂಥ ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸು ಕೂರುವ ಮೌಂಟಿನಿಂದ ಸೆನ್ಸರಿಗೆ 46.5 ಮಿಲಿಮೀಟರ್ ದೂರ. ತಿರುಗಿದ ಲೆನ್ಸಿನ ಮುಂದೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಹುಳು ಸ್ಪಷ್ಟವಾಗುತ್ತದೆ. ಸೆನ್ಸರಿನ ಪೀಠದಲ್ಲಿ ಈಗ ಹುಳುರಾಯ! ಇನ್ನೂ ಸೋಜಿಗವೆಂದರೆ ಝೂಮಿನ ನಡತೆಯೂ ತಲೆಕೆಳಗು. 55ರಲ್ಲಿ ಹುಳು ಚಿಕ್ಕದು, 18ಕ್ಕೆ ಎಳೆದರೆ ಚೌಕಟ್ಟು ತುಂಬುವ ರಾಕ್ಷಸ.

ಲೆನ್ಸನ್ನು ಕೈಯಲ್ಲೇ ಒತ್ತಿ ಹಿಡಿದರೆ ಸಂದಿಯಲ್ಲಿ ಬೆಳಕು ನುಗ್ಗುತ್ತದೆ. ಅದಕ್ಕೊಂದು ಬಳೆ ಬೇಕು. ಗೀರು ಬಿದ್ದ ಹಳೆಯ ಯುವಿ ಫಿಲ್ಟರಿನ ಗಾಜು ತೆಗೆದೆ, ಬಳೆ ಸಿಕ್ಕಿತು. ಕ್ಯಾಮೆರಾದ ಬಾಯಿ ಮುಚ್ಚುವ ಪ್ಲಾಸ್ಟಿಕ್ ಕ್ಯಾಪಿನ ನಡುವೆ ದುಂಡಗೆ ತೂತು ಕೊರೆದೆ. ಲೆನ್ಸಿನ ಮೂತಿ ಹಿಡಿಯುವ ಫಿಲ್ಟರಿನ ತಿರುಪು ಹೊರಗೆ ಬರುವಂತೆ ಎರಡನ್ನೂ ಕೂಡಿಸಿ ಎಂ-ಸೀಲ್ ಮೆತ್ತಿದೆ. ರಾತ್ರಿ ಕಳೆಯುವಷ್ಟರಲ್ಲಿ ಕಲ್ಲು! ಕೊರೆದ ಪುಡಿಯ ಒಂದು ಕಣವೂ ಉಳಿಯದಂತೆ ಒರೆಸಬೇಕು, ಉಳಿದರೆ ಅದು ನೇರ ಸೆನ್ಸರಿಗೆ.

ತಿರುಗಿಸಿದ ಲೆನ್ಸು ಕ್ಯಾಮೆರಾದ ಮಾತು ಕೇಳುವುದಿಲ್ಲ. ನಿಕಾನಿನ ಈ ಜಿ ಮಾದರಿಯ ಲೆನ್ಸು ಕಳಚಿದೊಡನೆ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಪೂರಾ ಕಿರಿದಾಗಿಸಿಕೊಳ್ಳುತ್ತದೆ, ನೋಡಿದರೆ ಬರೀ ಕತ್ತಲು. ಹಿಂಬದಿಯ ಪುಟ್ಟ ಸನ್ನೆಗೋಲಿಗೆ ಮಡಿಸಿದ ಕಾಗದದ ಚೂರು ಸಿಕ್ಕಿಸಿದೆ. ಕಣ್ಣು ತೆರೆಯಿತು! ಮಡಿಕೆ ಹೆಚ್ಚುಕಡಿಮೆ ಮಾಡಿದರೆ ಅಪರ್ಚರೂ ಹೆಚ್ಚುಕಡಿಮೆ.

ಇನ್ನು ಬೆಳಕು. ಚಿತ್ರ ಹಿಗ್ಗಿದಷ್ಟೂ ಬೆಳಕು ತೆಳುವಾಗುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಲೆನ್ಸಿನ ನೆರಳೇ ಹುಳುವಿನ ಮೇಲೆ. ಖಾಲಿ ಚಿಪ್ಸ್ ಡಬ್ಬಿಯನ್ನು ಕತ್ತರಿಸಿ ಫ್ಲ್ಯಾಶಿಗೆ ಸುರಂಗ ಮಾಡಿದೆ. ಒಳಗೆ ಹೊಳೆಯುವ ಹಾಳೆ, ತುದಿಯಲ್ಲಿ ಬಟರ್ ಪೇಪರ್. ಅಂಗೈಯಗಲದ ಆ ಕಾಗದ ನಮಗೆ ಚೂರು. ಮೂರು ಬೆರಳು ದೂರದಲ್ಲಿರುವ ಇರುವೆಗೆ ಅದೇ ಮೋಡ ಕವಿದ ಆಕಾಶ! ಕಣ್ಣು ಕುಕ್ಕುವ ಬಿಳಿ ಚುಕ್ಕೆ ಮಾಯ, ಇರುವೆಯ ಬೆನ್ನಿನ ರೋಮ ರೋಮವೂ ಎಣಿಸುವಂತೆ.

ಫೋಕಸ್ ಉಂಗುರವನ್ನು ಮರೆತುಬಿಡಿ. ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬೇಕು. ಸ್ಪಷ್ಟವಾಗಿ ಕಾಣುವ ಪದರ ಒಂದು ಮಿಲಿಮೀಟರೂ ಇಲ್ಲ. ಕಣ್ಣು ಸಿಕ್ಕರೆ ಕಾಲು ಮಸುಕು. ಹಾಗೆ ತೂಗುತ್ತಿರುವಾಗಲೇ ಎಲೆಯ ತುದಿಯಲ್ಲಿ ಜಿಗಿಯುವ ಜೇಡವೊಂದು ಗಕ್ಕನೆ ತಿರುಗಿ ನನ್ನನ್ನೇ ನೋಡಿತು. ಎಂಟು ಕಣ್ಣು! ಮುಂದಿನೆರಡು ಹೊಸ ಕಾರಿನ ಹೆಡ್‌ಲೈಟುಗಳಂತೆ ಫಳಫಳ. ಅವುಗಳೊಳಗೆ ನನ್ನ ಬಟರ್ ಪೇಪರಿನ ಬಿಂಬ! ನಾನು ಅದನ್ನು ನೋಡುತ್ತಿದ್ದೆನೋ, ಅದು ನನ್ನನ್ನೋ?

1674ರಲ್ಲಿ ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೆವೆನ್‌ಹುಕ್ ಮನೆಯಲ್ಲೇ ಮಾಡಿದ ಪುಟಾಣಿ ಮಸೂರದಲ್ಲಿ ಕೆರೆಯ ನೀರು ನೋಡಿ ಬೆರಗಾಗಿದ್ದ. ಎಂ-ಸೀಲ್ ಮೆತ್ತಿದ ಕೈಯಲ್ಲಿ ಆ ಬೆರಗು ನನಗೂ ಒಂದು ಚಿಟಿಕೆ ಸಿಕ್ಕಿತು.

ನೀವೂ ಲೆನ್ಸು ತಿರುಗಿಸಿ ನೋಡಿ. ಹುಳುಗಳನ್ನು ಮಂಕಾಗಿಸಲು ಫ್ರಿಜ್ಜಿನಲ್ಲಿಡುವ ಪಾಪ ಮಾತ್ರ ಬೇಡ. ಬಿಸಿಲೇರುವ ಮುಂಚೆ ಹೋಗಿ, ತಂಪಿಗೆ ಅವೇ ಸುಮ್ಮನೆ ಕೂತಿರುತ್ತವೆ. ಮತ್ತೆ, ಒಗ್ಗರಣೆಗೆ ಕರಿಬೇವು ಕೀಳುವಾಗ ಎಲೆಯ ಮೇಲೆ ಹಿಕ್ಕೆ ಕಂಡರೆ ಆ ಎಸಳು ಬಿಟ್ಟು ಪಕ್ಕದ್ದು ಕೀಳಿ.