ಪ್ರಾದೇಶಿಕ ವಾಯು ಗುಣಮಟ್ಟ ಮಾದರಿ

ಪ್ರಾದೇಶಿಕ ವಾಯು ಗುಣಮಟ್ಟ ಮಾದರಿಯು ಒಂದು ಭೂಪ್ರದೇಶದ ಗಾಳಿಯಲ್ಲಿರುವ ಮಾಲಿನ್ಯ ಕಣಗಳ ಹುಟ್ಟು, ಚಲನೆ ಮತ್ತು ಅಳಿವನ್ನು ಗಣಿತ ಸಮೀಕರಣಗಳ ಮೂಲಕ ಅನುಕರಿಸುವ ಗಣಕಯಂತ್ರ ವಿಧಾನವಾಗಿದೆ. 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು (ಪಿಎಂ 2.5) ಶ್ವಾಸಕೋಶದ ಆಳಕ್ಕೆ ಇಳಿಯುವುದರಿಂದ ಅವುಗಳ ಮುನ್ಸೂಚನೆಗೆ ವಿಶೇಷ ಮಹತ್ವವಿದೆ.

ಕಾರ್ಯವಿಧಾನ

ಪ್ರದೇಶದ ಮೇಲಿನ ವಾಯುಮಂಡಲವನ್ನು ಮೊದಲು ಚೌಕಗಳಾಗಿಯೂ ಪದರಗಳಾಗಿಯೂ ವಿಭಾಗಿಸಲಾಗುತ್ತದೆ. ವಾಹನ, ಕಾರ್ಖಾನೆ, ಒಲೆ, ರಸ್ತೆಯ ಧೂಳು ಮುಂತಾದ ಮೂಲಗಳಿಂದ ಪ್ರತಿ ಚೌಕಕ್ಕೆ ಸೇರುವ ಮಾಲಿನ್ಯದ ಅಂದಾಜನ್ನೂ ಗಾಳಿಯ ವೇಗ, ತಾಪಮಾನ, ತೇವಾಂಶಗಳನ್ನೂ ಮಾದರಿಗೆ ಒದಗಿಸಲಾಗುತ್ತದೆ. ಎಲ್ಲ ಕಣಗಳೂ ನೇರವಾಗಿ ಹೊಗೆಯಿಂದ ಬರುವುದಿಲ್ಲ. ಸಲ್ಫರ್ ಡೈಆಕ್ಸೈಡ್, ಅಮೋನಿಯ ಮೊದಲಾದ ಅನಿಲಗಳು ಗಾಳಿಯಲ್ಲಿಯೇ ರಾಸಾಯನಿಕ ಕ್ರಿಯೆಗೆ ಒಳಗಾಗಿ ಕಣಗಳಾಗುತ್ತವೆ. ಕೆಲವು ಕಣಗಳು ಮಳೆಯಲ್ಲಿ ತೊಳೆದುಹೋಗುತ್ತವೆ, ಕೆಲವು ನೆಲಕ್ಕಿಳಿಯುತ್ತವೆ. ಮಾದರಿಯು ಇವೆಲ್ಲವನ್ನೂ ಲೆಕ್ಕ ಹಾಕುತ್ತದೆ.

ದೆಹಲಿಯಲ್ಲಿ ಬಳಕೆ

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ಇತರ ಸಂಸ್ಥೆಗಳೊಡನೆ ದೆಹಲಿಗಾಗಿ ರೂಪಿಸಿದ ವಾಯು ಗುಣಮಟ್ಟ ಮುನ್ನೆಚ್ಚರಿಕೆ ವ್ಯವಸ್ಥೆಯು 2018ರಲ್ಲಿ ಆರಂಭವಾಯಿತು. ಪಂಜಾಬ್ ಮತ್ತು ಹರಿಯಾಣದ ಗದ್ದೆಗಳಲ್ಲಿ ಸುಡುವ ಭತ್ತದ ಕೂಳೆಯ ಬೆಂಕಿಯನ್ನು ಉಪಗ್ರಹಗಳು ಗುರುತಿಸುತ್ತವೆ. ಆ ಮಾಹಿತಿಯನ್ನೂ ಇದರಲ್ಲಿ ಬಳಸಲಾಗುತ್ತದೆ. ಚಳಿಗಾಲದಲ್ಲಿ ನೆಲಕ್ಕೆ ಹತ್ತಿರವಿರುವ ಗಾಳಿಯ ಪದರವು ತೆಳುವಾಗುವುದರಿಂದ ಹೊಗೆ ಮೇಲೇರದೆ ಅಲ್ಲಿಯೇ ಉಳಿಯುತ್ತದೆ. 2022ರಲ್ಲಿ ಪರಿಷ್ಕೃತವಾದ ಹಂತವಾರು ಕ್ರಿಯಾ ಯೋಜನೆಯು, ಮಾಲಿನ್ಯ ಏರುವ ಮುನ್ನವೇ ಮುನ್ಸೂಚನೆಯ ಆಧಾರದ ಮೇಲೆ ನಿರ್ಬಂಧಗಳನ್ನು ವಿಧಿಸಲು ಅವಕಾಶ ಕಲ್ಪಿಸಿತು.

ಮಿತಿಗಳು

ಮಾಲಿನ್ಯ ಮೂಲಗಳ ಪಟ್ಟಿ ಹಳೆಯದಾಗಿದ್ದರೆ ಫಲಿತಾಂಶವೂ ತಪ್ಪಾಗುತ್ತದೆ. ಮೋಡ ಕವಿದಾಗ ಅಥವಾ ಉಪಗ್ರಹ ಹಾದುಹೋದ ಬಳಿಕ ಹೊತ್ತಿದ ಬೆಂಕಿಯು ಲೆಕ್ಕಕ್ಕೆ ಸಿಗದಿರಬಹುದು. ಆದ್ದರಿಂದ ಮಾದರಿಯ ಫಲಿತಾಂಶವನ್ನು ನೆಲದ ಮೇಲಿನ ಮಾಪನ ಕೇಂದ್ರಗಳ ಅಳತೆಗಳೊಂದಿಗೆ ನಿರಂತರವಾಗಿ ಹೋಲಿಸಿ ತಿದ್ದುವುದು ಅಗತ್ಯವಾಗಿದೆ.