ಹುಲ್ಲಿಗೂ ಬೇಕು ಬಿಡುವು

'ಕಾವಲು' ಎಂಬ ಮಾತು 'ಕಾ' ಎಂಬ ಧಾತುವಿನಿಂದ ಬಂದುದು. ಕಾಪಾಡುವುದೆಂದು ಅದರ ಅರ್ಥ. ದನ ಮೇಯುವ ಬಯಲನ್ನು ನಮ್ಮ ಹಿರಿಯರು ಈ ಹೆಸರಿನಿಂದ ಕರೆದರಷ್ಟೆ. ಅಲ್ಲಿ ಕಾಯಬೇಕಾದುದು ಯಾವುದು? ಹುಲಿಯ ಬಾಯಿಂದ ಹಸುವನ್ನು ಎಂದು ನೀವು ಹೇಳಬಹುದು. ಹಸುವಿನ ಬಾಯಿಂದ ಹುಲ್ಲನ್ನು ಕಾಯುವುದೂ ಅಷ್ಟೇ ಮುಖ್ಯವಾದ ಕೆಲಸವಾಗಿತ್ತು.

ಮೈಸೂರನ್ನು 1673 ರಿಂದ 1704 ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟನು. ದಂಡಿನ ಸಾಮಾನುಗಳನ್ನೂ ಫಿರಂಗಿಗಳನ್ನೂ ಎಳೆದ ಹೆಸರಾಂತ ಎತ್ತುಗಳು ಈ ಹಿಂಡುಗಳವೇ. ಇವುಗಳ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲುಗಳು ಬಹುಮಟ್ಟಿಗೆ ಕೆರೆಯಂಗಳಗಳು. ಕಡುಬಿಸಿಲಿನಲ್ಲಿಯೂ ಅಲ್ಲಿ ಹಸುರು ಚಿಗುರುತ್ತಿತ್ತು, ಮರಗಳ ನೆರಳೂ ಇರುತ್ತಿತ್ತು. ಹಿಂಡುಗಳು ಬೇರೆಡೆ ಮೇಯುತ್ತಿದ್ದಾಗ ಇಲ್ಲಿಗೆ ಯಾವ ದನವನ್ನೂ ಬಿಡುತ್ತಿರಲಿಲ್ಲ. ಹಿಂಡು ಊರಿಂದೂರಿಗೆ ನಡೆಯುತ್ತಿತ್ತು. ನೆಲ ಸರದಿಯ ಮೇಲೆ ವಿಶ್ರಮಿಸಿಕೊಳ್ಳುತ್ತಿತ್ತು.

ಈ ವಿಶ್ರಾಂತಿಯಿಂದ ಹುಲ್ಲಿಗೆ ಆಗುವ ಪ್ರಯೋಜನವೇನು? ಹುಲ್ಲು ತನ್ನ ಆಹಾರವನ್ನು ಎಲೆಯಲ್ಲಿ ಬೇಯಿಸಿಕೊಳ್ಳುತ್ತದೆ. ದನ ಎಲೆಯನ್ನು ಕಿತ್ತು ತಿಂದ ಮೇಲೆ ಉಳಿದ ಎಲೆ, ಬುಡ, ಬೇರುಗಳಲ್ಲಿರುವ ಗಂಟನ್ನು ಖರ್ಚುಮಾಡಿ ಹೊಸ ಚಿಗುರನ್ನು ಬಿಡುತ್ತದೆ. ಚಿಗುರು ಬಲಿತು ಆ ಸಾಲ ತೀರುವ ಮೊದಲೇ ಮತ್ತೆ ದನ ಬಾಯಿ ಹಾಕಿದರೆ ಗಂಟು ಕರಗುತ್ತದೆ, ಬೇರು ಮೊಟಕಾಗುತ್ತದೆ. ದನಕ್ಕೆ ಎಳೆಯ ಚಿಗುರೇ ರುಚಿ. ಆದಕಾರಣ ಅದು ಮೊನ್ನೆ ಮೇಯ್ದ ಬುಡವನ್ನೇ ಹುಡುಕಿಕೊಂಡು ಬರುತ್ತದೆ. ಹೀಗೆ ಸಿಹಿಹುಲ್ಲು ಸಾಯುತ್ತದೆ. ದನ ಮೂಸಿಯೂ ನೋಡದ ಒರಟು ಹುಲ್ಲೂ ಮುಳ್ಳುಗಿಡವೂ ಅದರ ಜಾಗಕ್ಕೆ ಬರುತ್ತವೆ. ಬರಿದಾದ ನೆಲದ ಮೇಲ್ಮಣ್ಣನ್ನು ಮಳೆನೀರು ಕೊಚ್ಚಿಕೊಂಡು ಹೋಗುತ್ತದೆ.

ಫ್ರಾನ್ಸ್ ದೇಶದ ಆಂದ್ರೆ ವಾಸಾಂ ಎಂಬ ವಿದ್ವಾಂಸರು ಇದನ್ನೇ ಕುರಿತು 1957 ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಹೇಳಿದ ಸೂತ್ರಗಳಲ್ಲಿ ಎರಡನ್ನು ನೆನಪಿಟ್ಟರೆ ಸಾಕು. ಒಮ್ಮೆ ಮೇಯ್ದ ನೆಲಕ್ಕೆ ಹುಲ್ಲು ಚೇತರಿಸಿಕೊಳ್ಳುವಷ್ಟು ಬಿಡುವು ಕೊಡಬೇಕು. ಮೇಯ್ದ ಹುಲ್ಲಿನ ಹೊಸ ಚಿಗುರು ಅದೇ ಸರದಿಯಲ್ಲಿ ಮತ್ತೆ ಹಸುವಿನ ಬಾಯಿಗೆ ಬೀಳುವ ಮುನ್ನ ಹಿಂಡನ್ನು ಅಲ್ಲಿಂದ ಎಬ್ಬಿಸಬೇಕು.

ನಿಮ್ಮಲ್ಲಿ ಸ್ವಲ್ಪ ಹುಲ್ಲುಗಾವಲು ಇದ್ದರೆ ಲೆಕ್ಕ ಸುಲಭ. ಅದನ್ನು ಎಂಟು ಪಾಲು ಮಾಡಿ, ಪಾಲಿಗೆ ನಾಲ್ಕು ದಿನದಂತೆ ಮೇಯಿಸಿರಿ. ಪ್ರತಿ ಪಾಲಿಗೂ 28 ದಿನಗಳ ಬಿಡುವು ತಾನಾಗಿ ಸಿಕ್ಕುತ್ತದೆ. ಆದರೆ ಪಂಚಾಂಗಕ್ಕಿಂತ ಹುಲ್ಲನ್ನು ನೋಡಿ ನಡೆಯುವುದು ಮೇಲು. ಗೇಣುದ್ದ ಬೆಳೆದಾಗ ದನ ಬಿಡಿ, ನಾಲ್ಕು ಬೆರಳು ಉಳಿದಿರುವಾಗಲೇ ಹೊರಡಿಸಿರಿ. ಮಳೆಗಾಲದಲ್ಲಿ ಸರದಿ ಬೇಗ ತಿರುಗೀತು. ಬೇಸಗೆಯಲ್ಲಿ ಬಿಡುವು ಎರಡು ಮೂರು ಪಟ್ಟು ಬೇಕಾದೀತು. ಆಗ ಕೊಟ್ಟಿಗೆಯಲ್ಲಿ ಒಣಮೇವಿನ ದಾಸ್ತಾನಿರಬೇಕು. ನೆಲ ತಾಳುವುದಕ್ಕಿಂತ ಹೆಚ್ಚು ದನ ಕಟ್ಟಿದರೆ ಯಾವ ಸರದಿಯೂ ಉಳಿಸಲಾರದು.

ಸರದಿ ನಡೆಯಬೇಕಾದರೆ ನೆಲ ಉಳಿದಿರಬೇಕು. 1860 ರಲ್ಲಿ ಖರ್ಚು ಉಳಿಸುವ ನೆವದಿಂದ ಅಮೃತಮಹಲ್ ಹಿಂಡುಗಳನ್ನು ಮಾರಿದರು. ತಪ್ಪಿನ ಅರಿವಾಗಿ 1866 ರಲ್ಲಿ ಮತ್ತೆ ಕೂಡಿಸಿದರು. ಹಿಂಡನ್ನು ಹಾಗೆ ಕೂಡಿಸಬಹುದು. ಒಡೆದುಹೋದ ಕಾವಲನ್ನು ಕೂಡಿಸುವುದು ಕಷ್ಟ. ಇನ್ನೂರಕ್ಕೂ ಮಿಕ್ಕಿದ್ದ ಕಾವಲುಗಳಲ್ಲಿ ಬಹುಭಾಗ ಉಳುಮೆಗೂ ಒತ್ತುವರಿಗೂ ಸಂದಿದೆ. 2010 ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಮೂರು ತಾಣಗಳಲ್ಲಿ ಒಂದು ಹೋದರೂ ಉಳಿದೆರಡರ ಮೇಲೆ ಭಾರ ಬೀಳುತ್ತದೆ, ಬಿಡುವು ತಪ್ಪುತ್ತದೆ.

ನಿಮ್ಮೂರಿನ ಗೋಮಾಳವನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ಹುಲ್ಲು ಗೇಣುದ್ದ ನಿಂತ ಒಂದು ಮೂಲೆಯಾದರೂ ಇದೆಯೆ? ಇಲ್ಲದಿದ್ದರೆ ಊರವರು ಕೂಡಿ, ಈ ಮಳೆಗಾಲ ಒಂದು ಪಾಲನ್ನಾದರೂ ಕಾಯ್ದು ನೋಡಿರಿ.